ಗೋಕಾಕದ ಬಂಡೆ ಮೇಲೇರಿದರೆ ತಪ್ಪು ಯಾರದು: ಕಣ್ಣಿನದೋ, ಮಿದುಳಿನದೋ?

ಮಳೆಗಾಲದಲ್ಲಿ ಗೋಕಾಕ ಜಲಪಾತದ ಎದುರು ನಿಂತು ಒಂದು ನಿಮಿಷ ನೀರನ್ನೇ ದಿಟ್ಟಿಸಿ. ಆಮೇಲೆ ಪಕ್ಕದ ಬಂಡೆಯ ಕಡೆ ನೋಟ ಹೊರಳಿಸಿದರೆ ಬಂಡೆ ನಿಧಾನಕ್ಕೆ ಮೇಲೇರಿದಂತೆ ಕಾಣುತ್ತದೆ. ಬಂಡೆ ಕದಲಿಲ್ಲ ಎಂದು ಗೊತ್ತಿದ್ದೂ ಏರುತ್ತದೆ. "ಕಣ್ಣು ಮೋಸ ಮಾಡಿತು" ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಮೋಸ ಕಣ್ಣಿನದೋ ಅದರ ಹಿಂದಿರುವ ಮಿದುಳಿನದೋ ಎಂಬುದನ್ನು ಯಾವ ಯಂತ್ರವೂ ಇಲ್ಲದೆ, ಒಂದು ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ಪತ್ತೆ ಹಚ್ಚಬಹುದು. ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡಿಸುವುದೆಂದು ಯೋಚಿಸುವ ಮಾಸ್ತರಿಗೂ ಅಕ್ಕೋರಿಗೂ, ಸುಮ್ಮನೆ ಕುತೂಹಲ ಇರುವವರಿಗೂ ಆ ಬಗೆಯನ್ನು ಇಲ್ಲಿ ಬಿಡಿಸಿ ಬರೆದಿದೆ.

ಸಾಮಾನು ಹೆಚ್ಚಿಲ್ಲ. ಹಳೆಯ ಲಗ್ನಪತ್ರಿಕೆಯ ರಟ್ಟು, ಗುಂಡುಸೂಜಿ, ಬಿಳಿ ಹಾಳೆ, ಒಂದು ಸೆಂಟಿಮೀಟರ್ ಅಗಲದ ಕೆಂಪು ಟಿಕಳಿ, ಅಳತೆಪಟ್ಟಿ, ತಂಪು ಕನ್ನಡಕ, ಒಂದು ಲಿಂಬೆಹಣ್ಣು, ದಾರ, ಮೊಬೈಲ್. ಕನ್ನಡಕ ಹಾಕುವವರು ಹಾಕಿಕೊಂಡೇ ಮಾಡಿ. ಸೂಜಿತೂತಿನ ಪ್ರಯೋಗಕ್ಕೆ ಮಾತ್ರ ತೆಗೆಯಿರಿ. ಸೂರ್ಯನನ್ನು ಯಾವ ಕಾರಣಕ್ಕೂ, ಯಾವ ತೂತಿನಿಂದಲೂ ನೋಡಕೂಡದು.

ಎರಡು ಹೊಳೆ, ಒಂದು ಸಂಗಮ

ಅಂಗೈ ಯಾಕೆ ಸಾಕು ಎಂಬುದು ತಿಳಿಯಬೇಕಾದರೆ ನೋಟ ಸಾಗುವ ದಾರಿ ಗೊತ್ತಿರಬೇಕು. ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಒಳಬಂದ ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ್ದು. ಒಳಗಿನ ಮಸೂರಕ್ಕೆ ಉಳಿಯುವುದು ಹತ್ತಿರ-ದೂರಕ್ಕೆ ತಕ್ಕಂತೆ ಸರಿಹೊಂದಿಸುವ ಕೆಲಸ. ಬಿಂಬ ಬೀಳುವುದು ಹಿಂಬದಿಯ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ. ಅಲ್ಲಿ ಸುಮಾರು 12 ಕೋಟಿ ದಂಡಕೋಶಗಳಿವೆ. ಮಬ್ಬು ಬೆಳಕಿನ ಕೆಲಸ ಅವುಗಳದು, ಬಣ್ಣದ ಗೊಡವೆ ಅವುಗಳಿಗಿಲ್ಲ. ಸುಮಾರು 60 ಲಕ್ಷ ಶಂಕುಕೋಶಗಳಿವೆ. ಬಣ್ಣವೂ ಸೂಕ್ಷ್ಮ ವಿವರವೂ ಅವುಗಳ ಪಾಲು. ಆದರೆ ಕಣ್ಣಿನಿಂದ ಹೊರಡುವ ದೃಷ್ಟಿನರದಲ್ಲಿ ಎಳೆಗಳಿರುವುದು ಸುಮಾರು 10 ಲಕ್ಷ ಮಾತ್ರ. ಕಂಡದ್ದೆಲ್ಲ ಮಿದುಳಿಗೆ ಹಾಗೇ ಹೋಗುವುದಿಲ್ಲ ಎಂಬುದು ಈ ಲೆಕ್ಕದಲ್ಲೇ ಇದೆ. ಎಲ್ಲಿ ಬದಲಾವಣೆಯಿದೆಯೋ, ಎಲ್ಲಿ ಅಂಚಿದೆಯೋ ಅದಷ್ಟನ್ನೇ ಅಕ್ಷಿಪಟಲ ಸೋಸಿ ಕಳಿಸುತ್ತದೆ.

ಎರಡೂ ಕಣ್ಣಿನ ನರಗಳು ಮಿದುಳಿನ ಅಡಿಯಲ್ಲಿ ಸಂಧಿಸಿ, ಮೂಗಿನ ಬದಿಯ ಎಳೆಗಳು ಆಚೀಚೆ ದಾಟುತ್ತವೆ. ಇದರಿಂದ ಎಡಗಡೆಯ ನೋಟವೆಲ್ಲ ಬಲಮಿದುಳಿಗೆ, ಬಲಗಡೆಯದು ಎಡಮಿದುಳಿಗೆ ಹೋಗುತ್ತದೆ. ನಡುವೆ, ಮಿದುಳಿನ ಒಳಭಾಗದ ಥಲಾಮಸ್‌ನಲ್ಲಿ ಒಂದು ತಂಗುದಾಣ. ಅಲ್ಲಿಯೂ ಎರಡು ಕಣ್ಣಿನ ಸುದ್ದಿ ಬೇರೆಬೇರೆ ಪದರದಲ್ಲೇ ಇರುತ್ತದೆ. ಎರಡೂ ಮೊದಲ ಸಲ ಒಂದಾಗುವುದು ತಲೆಯ ಹಿಂಭಾಗದ, ನೋಟಕ್ಕೆ ಮೀಸಲಾದ ಮಿದುಳಿನ ಹೊರಪದರವಾದ ದೃಷ್ಟಿ ಕಾರ್ಟೆಕ್ಸ್‌ನಲ್ಲಿ.

ಕೂಡಲಸಂಗಮವನ್ನು ನೆನಪಿಸಿಕೊಂಡರೆ ಕೆಲಸ ಹಗುರ. ಸಂಗಮಕ್ಕಿಂತ ಮೇಲೆ ಮಲಪ್ರಭೆಗೆ ಬಣ್ಣ ಸುರಿದರೆ ಆ ಬಣ್ಣ ಮೇಲಿನ ಕೃಷ್ಣೆಯಲ್ಲಿ ಕಾಣುವುದಿಲ್ಲ. ಸಂಗಮ ದಾಟಿದ ಮೇಲೆ ಸುರಿದರೆ ಅದು ಎರಡೂ ಹೊಳೆಯ ನೀರಿನದು. ಕಣ್ಣಿಗೂ ಹಾಗೇ. ಬಲಗಣ್ಣನ್ನು ಮಾತ್ರ ದಣಿಸಿ ಎಡಗಣ್ಣಿನಿಂದ ನೋಡಿ. ಪರಿಣಾಮ ಎಡಗಣ್ಣಿಗೆ ದಾಟದಿದ್ದರೆ ಅದು ಸಂಗಮಕ್ಕೆ ಮೊದಲೇ, ಬಹುಮಟ್ಟಿಗೆ ಕಣ್ಣಿನೊಳಗೇ ಆದದ್ದು. ದಾಟಿದರೆ ಮಿದುಳಿನದು. ಮುಂದಿನ ಪ್ರಯೋಗಗಳಲ್ಲೆಲ್ಲ ಕೇಳಬೇಕಾದ ಪ್ರಶ್ನೆ ಇದೊಂದೇ.

ಟಿಕಳಿ ಮಾಯವಾಗುವ ಜಾಗ

ನರ ಕಣ್ಣಿನಿಂದ ಹೊರಬೀಳುವ ಕಡೆ ಬೆಳಕು ಹಿಡಿಯುವ ಕೋಶಗಳಿಗೆ ಜಾಗವಿಲ್ಲ. ಅದೇ ಅಂಧಬಿಂದು. ಫ್ರಾನ್ಸಿನ ಎದ್ಮ್ ಮರಿಯೊಟ್ 1660ರ ದಶಕದಲ್ಲಿ ಇದನ್ನು ಪತ್ತೆ ಮಾಡಿದ.

ಬಿಳಿ ಹಾಳೆಯ ಎಡಗಡೆ ಪೆನ್ನಿನಿಂದ ಒಂದು ಗುಣಿಸು ಗುರುತು ಹಾಕಿ. ಅದೇ ಸಾಲಿನಲ್ಲಿ ಬಲಕ್ಕೆ ಸರಿಯಾಗಿ 8 ಸೆಂಟಿಮೀಟರ್ ದೂರದಲ್ಲಿ ಟಿಕಳಿ ಅಂಟಿಸಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತಬೇಡಿ. ಬಲಗಣ್ಣು ಗುಣಿಸು ಗುರುತಿನ ಮೇಲೇ ನೆಟ್ಟಿರಲಿ. ಹಾಳೆಯನ್ನು 50 ಸೆಂಟಿಮೀಟರ್‌ನಿಂದ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್‌ಗೆ ಬಂದಾಗ ಟಿಕಳಿ ಇಲ್ಲವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ.

ಮಾಯವಾಗಲಿಲ್ಲ ಎನ್ನುವ ಹತ್ತರಲ್ಲಿ ಒಂಬತ್ತು ಮಂದಿ ಟಿಕಳಿಯನ್ನೇ ನೋಡಿರುತ್ತಾರೆ. ಉಳಿದವರು ತಪ್ಪು ಕಣ್ಣು ಮುಚ್ಚಿರುತ್ತಾರೆ. ಬಲಗಣ್ಣಿನ ಅಂಧಬಿಂದು ನೋಟದ ಬಲಕ್ಕೇ ಇರುತ್ತದೆ, ಎಡಗಣ್ಣಿನದು ಎಡಕ್ಕೆ. ಹಾಳೆ ಓರೆಯಾದರೂ ಕೆಡುತ್ತದೆ.

ಅದರ ಗಾತ್ರ ಅಳೆಯುವುದೂ ಸುಲಭ. ಹಾಳೆಯನ್ನು ಗೋಡೆಗೆ ಅಂಟಿಸಿ, 30 ಸೆಂಟಿಮೀಟರ್ ದೂರದಲ್ಲಿ ಗಲ್ಲವನ್ನು ಪುಸ್ತಕದ ಅಟ್ಟಿಯ ಮೇಲಿಟ್ಟು ಕೂಡಿ. ಇನ್ನೊಬ್ಬರು ಪೆನ್ನಿನ ತುದಿಯನ್ನು ಕಾಣದ ಜಾಗದಿಂದ ಎಂಟು ದಿಕ್ಕಿಗೆ ಸರಿಸುತ್ತ ಹೋಗಲಿ, ಕಂಡ ಕೂಡಲೇ ನೀವು "ಹ್ಞೂಂ" ಅನ್ನಿ, ಅಲ್ಲೊಂದು ಚುಕ್ಕೆ ಇಡಲಿ. ಚುಕ್ಕೆ ಕೂಡಿಸಿದರೆ ಸುಮಾರು 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಮೊಟ್ಟೆಯಾಕಾರ ಬರುತ್ತದೆ. ಆಕಾಶಕ್ಕೆ ಹಿಡಿದರೆ ಹತ್ತು ಹುಣ್ಣಿಮೆ ಚಂದ್ರ ಒಂದರ ಪಕ್ಕ ಒಂದು ಕೂಡುವಷ್ಟು ಅಗಲ. ಇಷ್ಟು ದೊಡ್ಡ ತೂತು ನೋಟದಲ್ಲಿದ್ದೂ ಗೊತ್ತಾಗದಿರಲು ಒಂದು ಕಾರಣ ಇನ್ನೊಂದು ಕಣ್ಣು. ಆದರೆ ಒಂದೇ ಕಣ್ಣಿನಲ್ಲೂ ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಹಾಳೆ ಕಾಣುತ್ತದೆ. ಚೌಕಳಿ ಬಟ್ಟೆಯ ಮೇಲೆ ಟಿಕಳಿ ಅಂಟಿಸಿ ನೋಡಿ, ಅದು ಹೋದ ಜಾಗದಲ್ಲಿ ಚೌಕಳಿ ಬಂದು ಕೂತಿರುತ್ತದೆ. ತೂತು ಕಣ್ಣಿನದು, ತೇಪೆ ಮಿದುಳಿನದು.

ಒಂದು ರಟ್ಟು, ಎರಡು ಪ್ರಯೋಗ

ಲಗ್ನಪತ್ರಿಕೆಯ ರಟ್ಟಿಗೆ ಗುಂಡುಸೂಜಿಯಿಂದ ಒಂದು ಮಿಲಿಮೀಟರ್‌ಗಿಂತ ತುಸು ಚಿಕ್ಕ ತೂತು ಮಾಡಿ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ರಟ್ಟನ್ನು ಇನ್ನೊಂದು ಕಣ್ಣಿಗೆ ತೀರ ಹತ್ತಿರ ಹಿಡಿದು ಬಿಸಿಲು ಬಿದ್ದ ಬಿಳಿ ಗೋಡೆಯನ್ನೋ ಸೂರ್ಯನಿಲ್ಲದ ದಿಕ್ಕಿನ ಆಕಾಶವನ್ನೋ ನೋಡಿ. ಈಗ ರಟ್ಟನ್ನು ಎರಡು ಮಿಲಿಮೀಟರ್‌ನಷ್ಟೇ, ಸೆಕೆಂಡಿಗೆ ನಾಲ್ಕೈದು ಸಲ ಸುತ್ತುಸುತ್ತಾಗಿ ಕುಲುಕಿ. ಒಣಗಿದ ಬೇವಿನ ಕೊಂಬೆಗಳಂತೆ ಕವಲೊಡೆದ ಗೆರೆಗಳು ಕಾಣುತ್ತವೆ. ಅವು ನಿಮ್ಮದೇ ಅಕ್ಷಿಪಟಲದ ರಕ್ತನಾಳಗಳ ನೆರಳು. ಅಡ್ಡಡ್ಡ ಕುಲುಕಿದರೆ ನಿಂತ ನಾಳಗಳು ಕಾಣುತ್ತವೆ, ಮೇಲೆ-ಕೆಳಗೆ ಕುಲುಕಿದರೆ ಮಲಗಿದವು. ಸರಿಯಾಗಿ ನಡುವೆ ನಾಳಗಳೇ ಇಲ್ಲದ ಸಣ್ಣ ಬಯಲೊಂದು ಕಾಣುತ್ತದೆ. ನೀವು ಅಕ್ಷರ ಓದುವುದು ಆ ಜಾಗದಿಂದ.

ಕುಲುಕುವುದು ನಿಂತ ಎರಡು ಮೂರು ಸೆಕೆಂಡಿನಲ್ಲಿ ಗೆರೆಗಳು ಅಳಿಯುತ್ತವೆ. ಅಳಿಯಲೇಬೇಕು. ಕದಲದ ಬಿಂಬವನ್ನು ದೃಷ್ಟಿವ್ಯವಸ್ಥೆ ಸುದ್ದಿಯೆಂದು ಎಣಿಸುವುದಿಲ್ಲ. ನಾಳಗಳ ನೆರಳು ಹುಟ್ಟಿನಿಂದ ಒಂದೇ ಜಾಗಕ್ಕೆ ಬೀಳುತ್ತಿರುವುದರಿಂದಲೇ ಈವರೆಗೆ ಕಂಡಿಲ್ಲ. ಎದುರಿನ ಲೋಕ ಹೀಗೆ ಅಳಿಯದಿರಲು ಕಣ್ಣಿನ ಬಿಡುವಿಲ್ಲದ ಸಣ್ಣ ನಡುಕವೇ ಕಾರಣ. ಕಾಣದಿದ್ದರೆ ತೂತು ದೊಡ್ಡದಾಗಿದೆ, ಇಲ್ಲವೇ ಕುಲುಕುವುದು ನಿಧಾನವಾಗಿದೆ.

ಅದೇ ರಟ್ಟನ್ನು ಈಗ ಕಣ್ಣಿನಿಂದ 5 ಸೆಂಟಿಮೀಟರ್ ದೂರ ಹಿಡಿಯಿರಿ. ಒಂದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿ ಕತ್ತರಿಸಿ, ರಟ್ಟಿಗೂ ಕಣ್ಣಿಗೂ ನಡುವೆ ಕೆಳಗಿನಿಂದ ಮೇಲಕ್ಕೆ ತನ್ನಿ. ಬೆಳಕಿನ ವೃತ್ತದೊಳಗೆ ಪಟ್ಟಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇಲ್ಲಿ ಅಕ್ಷಿಪಟಲದ ಮೇಲೆ ಬಿದ್ದದ್ದು ಬಿಂಬವಲ್ಲ, ನೇರವಾದ ನೆರಳು. ತಲೆಕೆಳಗಾದ ಬಿಂಬವನ್ನು ನೆಟ್ಟಗೆಂದು ಓದಿ ರೂಢಿಯಾದ ಮಿದುಳು ಈ ನೆಟ್ಟಗಿನ ನೆರಳನ್ನೂ ಅದೇ ಲೆಕ್ಕದಲ್ಲಿ ತಿರುಗಿಸಿಬಿಡುತ್ತದೆ. "ಬಿಂಬ ತಲೆಕೆಳಗಾಗಿ ಬೀಳುತ್ತದೆ" ಎಂದು ಪಾಠದಲ್ಲಿ ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಪಟ್ಟಿ ಮೇಲು. ಪಟ್ಟಿಯ ಬದಲು ಸೂಜಿ ಬಳಸುವ ಪದ್ಧತಿಯೂ ಉಂಟು. ಮಕ್ಕಳ ಕೈಯಲ್ಲಿ ಅದು ಬೇಡ.

ಕತ್ತಲೆಗೆ ಕಣ್ಣು ಪಳಗುವುದು

ವಿಜಯಪುರದ ಬಿಸಿಲಿನಿಂದ ಗೋಳಗುಮ್ಮಟದೊಳಗೆ ಕಾಲಿಟ್ಟಾಗ ಮೊದಲ ಕ್ಷಣ ಏನೂ ಕಾಣುವುದಿಲ್ಲ. ಪಾಪೆ ಅಗಲವಾಗುತ್ತದೆ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಅರೆಬರೆ. ಪಾಪೆ 2 ಮಿಲಿಮೀಟರ್‌ನಿಂದ 7ಕ್ಕೆ ಹಿಗ್ಗಿದರೂ ಒಳಬರುವ ಬೆಳಕು ಹೆಚ್ಚುವುದು ಸುಮಾರು 12 ಪಟ್ಟು ಮಾತ್ರ. ಉಳಿದ ಕೆಲಸ ಅಕ್ಷಿಪಟಲದೊಳಗಿನ ರಸಾಯನದ್ದು. ಬೆಳಕಿಗೆ ಬಿಳಿಚಿದ ರೊಡಾಪ್ಸಿನ್ ಎಂಬ ಬಣ್ಣದ್ರವ್ಯ ದಂಡಕೋಶಗಳಲ್ಲಿ ಮತ್ತೆ ಕೂಡಿಬರಬೇಕು. ಶಂಕುಕೋಶಗಳು ಎಂಟು ಹತ್ತು ನಿಮಿಷದಲ್ಲಿ ತಮ್ಮ ಮಟ್ಟ ಮುಟ್ಟುತ್ತವೆ. ದಂಡಕೋಶಗಳು ಪೂರ್ತಿ ಪಳಗಲು 30ರಿಂದ 40 ನಿಮಿಷ. ಈ ದ್ರವ್ಯಕ್ಕೆ ಎ ಜೀವಸತ್ವವೇ ಮೂಲ. ಅದು ಕಡಿಮೆಬಿದ್ದಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಇರುಳುಗಣ್ಣು ಒಂದು. ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿ ತಿನ್ನಿ ಎನ್ನುವುದು ಇದಕ್ಕೇ.

ಅಂಗೈ ಪರೀಕ್ಷೆಗೆ ಬಾದಾಮಿ ಒಳ್ಳೆಯ ಜಾಗ. ಗುಹೆಗಳ ಮುಂದೆ ನೆರಳಿನಲ್ಲಿ ಕೂತು ಒಂದು ಕಣ್ಣಿಗೆ ದಪ್ಪ ಕರ್ಚೀಫು ಮಡಿಸಿ 15 ನಿಮಿಷ ಕಟ್ಟಿಕೊಳ್ಳಿ. ಇನ್ನೊಂದು ಕಣ್ಣು ಹೊರಗಿನ ಬೆಳಕನ್ನು ನೋಡುತ್ತಿರಲಿ. ಕಟ್ಟಿಕೊಂಡು ಮೆಟ್ಟಿಲು ಹತ್ತಬೇಡಿ, ಒಂದೇ ಕಣ್ಣಿಗೆ ಮೆಟ್ಟಿಲಿನ ಆಳ ಸರಿಯಾಗಿ ಸಿಗುವುದಿಲ್ಲ. ಚೀಲವನ್ನು ಜತೆಗಿದ್ದವರ ಕೈಗೆ ಕೊಟ್ಟಿರಿ. ಅಲ್ಲಿನ ಮಂಗಗಳಿಗೆ ಎರಡೂ ಕಣ್ಣು ಚೆನ್ನಾಗಿವೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಒಳಕೋಣೆಯ ಮುಂದೆ ನಿಂತು ಕರ್ಚೀಫು ಬಿಚ್ಚಿ, ಎರಡೂ ಕಣ್ಣನ್ನು ಒಂದಾದ ಮೇಲೊಂದು ತೆರೆದು ನೋಡಿ. ಕಟ್ಟಿದ್ದ ಕಣ್ಣಿಗೆ ಗೋಡೆಯೂ ಮೂಲೆಯೂ ಕಾಣುತ್ತವೆ, ಇನ್ನೊಂದಕ್ಕೆ ಕತ್ತಲೆ. ಒಂದು ಕಣ್ಣಿನ ಪಳಗುವಿಕೆ ಇನ್ನೊಂದಕ್ಕೆ ಒಂದಿಷ್ಟೂ ದಾಟಿಲ್ಲ, ಇದು ಅಪ್ಪಟ ಕಣ್ಣಿನೊಳಗಿನ ಕೆಲಸ. ಮನೆಯಲ್ಲಾದರೆ ರಾತ್ರಿ ಕರೆಂಟ್ ಹೋದಾಗ ಇದೇ ಕಟ್ಟು ಸಾಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಪಳಗಿದ್ದೆಲ್ಲ ನೀರುಪಾಲು.

ಪಳಗಿದ ಕಣ್ಣಿನಿಂದ ಕೃತ್ತಿಕೆಯ ಗುಂಪನ್ನು ನೋಡಿ. ನೇರ ನೋಡಿದರೆ ನಕ್ಷತ್ರಗಳು ಜಾರಿಕೊಳ್ಳುತ್ತವೆ, ಸ್ವಲ್ಪ ಪಕ್ಕಕ್ಕೆ ನೋಟವಿಟ್ಟರೆ ಎಣಿಸಲು ಸಿಗುತ್ತವೆ. ನೋಟದ ನಟ್ಟನಡುವೆ ದಂಡಕೋಶಗಳೇ ಇಲ್ಲ.

ಮುಸ್ಸಂಜೆಗೆ ಇನ್ನೊಂದು. ಕೆಂಪು ಸೆರಗು, ಹಸಿರು ಒಡಲಿನ ಇಳಕಲ್ ಸೀರೆಯನ್ನು ಅಂಗಳದ ಹಗ್ಗಕ್ಕೆ ಹಾಕಿ, ಹೊತ್ತು ಮುಳುಗುವ ಮೊದಲು ಒಮ್ಮೆ, ಮುಳುಗಿ ಅರ್ಧ ಗಂಟೆಯ ಮೇಲೊಮ್ಮೆ ನೋಡಿ. ಸೆರಗೂ ಒಡಲೂ ಕೊಂಡಿಯಿಂದ ಕೂಡುವ ಗೆರೆಯ ಮೇಲೆ ಗಮನವಿರಲಿ. ಹಗಲು ಉರಿಯುವ ಕೆಂಪು ಸಂಜೆಗೆ ಕಪ್ಪಾಗುತ್ತದೆ, ಹಸಿರು ಇನ್ನೂ ಬೆಳ್ಳಗೆ ತೇಲುತ್ತದೆ. ಹಗಲಿನ ಕಣ್ಣಿಗೆ ಅತಿ ಹೆಚ್ಚು ಹೊಳೆಯುವುದು ತರಂಗಾಂತರದಲ್ಲಿ 555 ನ್ಯಾನೋಮೀಟರ್‌ನ ಹಳದಿ-ಹಸಿರು. ದಂಡಕೋಶಗಳಿಗೆ ಅದು 500ರ ಆಸುಪಾಸು, ಕೆಂಪು ಅವುಗಳಿಗೆ ಕಾಣುವುದೇ ಇಲ್ಲವೆನ್ನಬಹುದು. ಇದನ್ನು ಮೊದಲು ಗುರುತಿಸಿದವನ ಹೆಸರಿನಲ್ಲಿ ಪುರ್ಕಿನ್ಯೆ ಪಲ್ಲಟ ಎನ್ನುತ್ತಾರೆ. ಬೀದಿದೀಪದ ಕೆಳಗೆ ಈ ಪ್ರಯೋಗ ಆಗದು.

ಗೋಕಾಕ

ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮ್ಮಿಕ್ಕುತ್ತದೆ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಹೋದರೆ ಬಂಡೆ ಮಾತ್ರ ಸಿಗುತ್ತದೆ, ಏರಿಸಲು ನೀರಿರುವುದಿಲ್ಲ. ಕಟಾಂಜನದ ಹಿಂದೆ ಗಟ್ಟಿಯಾಗಿ ನಿಂತು, ಬೀಳುವ ನೀರಿನ ನಡುವೆ ಕದಲದ ಒಂದು ಗುರುತನ್ನು, ನೀರಿನಿಂದ ಹೊರಚಾಚಿದ ಕಲ್ಲನ್ನೋ ಸೀಳನ್ನೋ, ಆರಿಸಿಕೊಳ್ಳಿ. ನೋಟ ಅಲ್ಲೇ 60 ಸೆಕೆಂಡು ನಿಲ್ಲಲಿ. ನೀರಿನ ಜತೆ ಕಣ್ಣು ಕೆಳಗೆ ಜಾರಿದರೆ ಬಿಂಬ ಅಕ್ಷಿಪಟಲದ ಮೇಲೆ ಸರಿಯುವುದೇ ಇಲ್ಲ, ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಆಮೇಲೆ ಪಕ್ಕದ ಒಣ ಬಂಡೆಗೆ ನೋಟ ಒಯ್ಯಿರಿ. ಹತ್ತು ಹದಿನೈದು ಸೆಕೆಂಡು ಬಂಡೆ ಮೇಲೇರುತ್ತಿರುತ್ತದೆ. ಏರುತ್ತಿದ್ದೂ ಇದ್ದಲ್ಲೇ ಇರುತ್ತದೆ: ಚಲನೆ ಇದೆ, ಜಾಗ ಬದಲಾಗಿಲ್ಲ. ಚಲನೆಯನ್ನೂ ಜಾಗವನ್ನೂ ಮಿದುಳು ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಸಿಗುವುದು ಕಷ್ಟ. ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನೇ ಕಂಡು 1834ರಲ್ಲಿ ಬರೆದ.

ಈಗ ಅಂಗೈ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮಾತ್ರ ಒಂದು ನಿಮಿಷ ನೀರು ನೋಡಿ. ಕೂಡಲೇ ಅಂಗೈಯನ್ನು ಬಲಗಣ್ಣಿಗೆ ಬದಲಿಸಿ, ಎಡಗಣ್ಣಿನಿಂದ ಬಂಡೆ ನೋಡಿ. ನೀರನ್ನು ನೋಡದ ಕಣ್ಣಿಗೂ ಬಂಡೆ ಏರುತ್ತದೆ, ಮೊದಲಿಗಿಂತ ತುಸು ಸಪ್ಪೆಯಾಗಿ. ದಾಟಿತು ಎಂದಾಯಿತು. ತಪ್ಪು ಸಂಗಮದಿಂದ ಆಚೆಯದು. ಪೂರ್ತಿ ಬಲದಿಂದ ದಾಟದಿರುವುದಕ್ಕೂ ಅರ್ಥವಿದೆ: ಕಾರ್ಟೆಕ್ಸ್‌ನಲ್ಲಿ ಎರಡೂ ಕಣ್ಣಿಗೆ ಓಗೊಡುವ ಕೋಶಗಳಂತೆ ಒಂದೇ ಕಣ್ಣಿನ ಕಡೆ ವಾಲಿದವೂ ಇವೆ.

ನಡೆಯುವುದು ಇಷ್ಟು. ಕೆಳಮುಖ ಚಲನೆಗೆ ಮಿಡಿಯುವ ಕೋಶಗಳು ಒಂದು ಗುಂಪು, ಮೇಲ್ಮುಖಕ್ಕೆ ಇನ್ನೊಂದು. ಕದಲದ ವಸ್ತುವಿನ ಎದುರು ಎರಡೂ ಸಮನಾಗಿ ಸಣ್ಣಗೆ ಮಿಡಿಯುತ್ತವೆ, ತಕ್ಕಡಿ ಸಮವಿರುತ್ತದೆ. ಒಂದು ನಿಮಿಷ ನೀರು ನೋಡಿದ ಮೇಲೆ ಮೊದಲ ಗುಂಪಿನ ಮಿಡಿತ ತಗ್ಗಿರುತ್ತದೆ. ತಕ್ಕಡಿ ಮೇಲ್ಮುಖದ ಕಡೆ ವಾಲುತ್ತದೆ, ಬಂಡೆ ಏರುತ್ತದೆ.

ನೀರು ನೋಡಿದ ಕೂಡಲೇ ಎರಡೂ ಕಣ್ಣು ಮುಚ್ಚಿ ಅರ್ಧ ನಿಮಿಷ ಬಿಟ್ಟು ತೆರೆದು ಬಂಡೆ ನೋಡುವುದನ್ನೂ ಮಾಡಿ. ತೆರೆದ ಕಣ್ಣಿನಲ್ಲಾದರೆ ಅಷ್ಟರಲ್ಲಿ ಮುಗಿದುಹೋಗಬೇಕಿದ್ದ ಏರಿಕೆ ಇನ್ನೂ ಉಳಿದಿರುತ್ತದೆ. ಸುಮ್ಮನೆ ದಣಿವಾಗಿದ್ದರೆ ಕತ್ತಲಲ್ಲೂ ಆರಬೇಕಿತ್ತಲ್ಲ. ತಕ್ಕಡಿ ಮತ್ತೆ ಸಮವಾಗಲು ನೋಡುವ ಕೆಲಸವೇ ಬೇಕು.

ನೀರಿಲ್ಲದಾಗ ಹೊಲಿಗೆ ಮಷಿನ್ನಿನ ಕೈಗಾಲಿಗೆ 12 ಸೆಂಟಿಮೀಟರ್‌ನ ರಟ್ಟಿನ ಬಿಲ್ಲೆ ಅಂಟಿಸಿ, ಅದರ ಮೇಲೆ ಒಂದು ಸೆಂಟಿಮೀಟರ್ ಅಗಲದ ಕಪ್ಪು ಪಟ್ಟಿಯ ಸುರುಳಿ ಬರೆಯಿರಿ. ಪಟ್ಟ ಕಳಚಿ, ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಿಂದ ತಿರುಗಿಸಿ, ನಡುಬಿಂದುವನ್ನು 40 ಸೆಕೆಂಡು ನೋಡಿ ಎದುರಿಗಿದ್ದವರ ಮುಖ ನೋಡಿ. ಸುರುಳಿ ಹಿಗ್ಗುವಂತೆ ತಿರುಗಿಸಿದ್ದರೆ ಮುಖ ಕುಗ್ಗುತ್ತದೆ. ವೇಗ ಹೆಚ್ಚಾದರೆ ಪಟ್ಟಿಗಳು ಕಲಸಿ ಬರೀ ಬೂದಿಬಣ್ಣವಾಗಿ ಏನೂ ಉಳಿಯುವುದಿಲ್ಲ.

ನಾಡಧ್ವಜ, ಚಂದ್ರ, ಜೋಳದ ಕಾಳು

ಮೊಬೈಲ್‌ನ ಬಣ್ಣ ತುಂಬುವ ಆ್ಯಪ್‌ನಲ್ಲಿ ಆಯತ ಬರೆದು ಮೇಲರ್ಧಕ್ಕೆ ಗಾಢ ನೀಲಿ, ಕೆಳಗರ್ಧಕ್ಕೆ ನೀಲಿಹಸಿರು ತುಂಬಿ, ನಡುವೆ ಕಪ್ಪು ಚುಕ್ಕೆ ಇಡಿ. ಪರದೆಯ ಬೆಳಕು ಪೂರ್ತಿ ಇರಲಿ. ಚುಕ್ಕೆಯನ್ನು 30 ಸೆಕೆಂಡು ದಿಟ್ಟಿಸಿ ಬಿಳಿ ಗೋಡೆಗೆ ನೋಟ ಹಾಕಿ, ಒಮ್ಮೆ ರೆಪ್ಪೆ ಬಡಿಯಿರಿ. ಗೋಡೆಯ ಮೇಲೆ ಹಳದಿ-ಕೆಂಪು ನಾಡಧ್ವಜ ಮೂಡುತ್ತದೆ. ರಾಜ್ಯೋತ್ಸವಕ್ಕೆ ಶಾಲೆಯ ಹುಡುಗರಿಗೆ ಇದಕ್ಕಿಂತ ಅಗ್ಗದ ಬಾವುಟ ಇಲ್ಲ. ನೀಲಿಗೆ ಮಿಡಿದ ಶಂಕುಕೋಶಗಳು ಮಂದವಾದ ಮೇಲೆ ಬಿಳಿಯಿಂದ ನೀಲಿ ಕಳೆದಂತಾಗಿ ಹಳದಿ ಉಳಿಯುತ್ತದೆ, ನೀಲಿಹಸಿರಿಗೆ ಕೆಂಪು.

ಬಲಗಣ್ಣಿನಿಂದ ಮಾತ್ರ ದಿಟ್ಟಿಸಿ, ಅದನ್ನು ಮುಚ್ಚಿ, ಎಡಗಣ್ಣಿನಿಂದ ಗೋಡೆ ನೋಡಿ. ಧ್ವಜ ಬರುವುದಿಲ್ಲ. ಬಲಗಣ್ಣು ತೆರೆದರೆ ಬರುತ್ತದೆ. ಇದು ಕಣ್ಣಿನದು. ಇಲ್ಲೊಂದು ತೊಡಕಿದೆ: ಮುಚ್ಚಿದ ಕಣ್ಣೂ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುವುದರಿಂದ ಕೆಲವರಿಗೆ ಮಸುಕಾಗಿ ಒಂದು ಕ್ಷಣ ಮಿಂಚಿ ಹೋಗುತ್ತದೆ. ಗೋಡೆಗೆ ಚೆನ್ನಾಗಿ ಬೆಳಕಿದ್ದರೆ ಈ ಗೊಂದಲ ಕಡಿಮೆ.

ಮೂಡಿದ ಧ್ವಜವನ್ನು ಮೊದಲು 30 ಸೆಂಟಿಮೀಟರ್ ದೂರದ ಹಾಳೆಯ ಮೇಲೆ, ಕೂಡಲೇ 3 ಮೀಟರ್ ದೂರದ ಗೋಡೆಯ ಮೇಲೆ ನೋಡಿ. ಹಾಳೆಯ ಮೇಲೆ 3 ಸೆಂಟಿಮೀಟರ್ ಇದ್ದದ್ದು ಗೋಡೆಯ ಮೇಲೆ 30 ಸೆಂಟಿಮೀಟರ್ ಆಗುತ್ತದೆ. ಅಕ್ಷಿಪಟಲದ ಮೇಲಿನ ಗುರುತು ಒಂದಿಷ್ಟೂ ಬೆಳೆದಿಲ್ಲ. "ಇದು ದೂರದಲ್ಲಿದೆ, ಹಾಗಾದರೆ ದೊಡ್ಡದು" ಎಂದು ಮಿದುಳು ಗುಣಿಸಿದೆ, ಅಷ್ಟೇ. ಬಣ್ಣ ಕಣ್ಣಿನದಾದರೆ ಗಾತ್ರ ಮಿದುಳಿನದು. 1881ರಲ್ಲಿ ಕಣ್ಣಿನ ವೈದ್ಯ ಎಮ್ಮರ್ಟ್ ಇದನ್ನು ನಿಯಮವಾಗಿ ಬರೆದ.

ವಿಜಯಪುರದ ಎರೆಹೊಲದ ಬಯಲಿನಲ್ಲಿ ಸೀಗಿ ಹುಣ್ಣಿಮೆಯ ಚಂದ್ರ ಗಂಗಾಳದಷ್ಟಾಗಿ ಮೂಡುವುದರಲ್ಲೂ ಇಂಥದೇ ಲೆಕ್ಕದ ಕೈವಾಡವಿದೆ ಎಂಬ ವಿವರಣೆ ಹೆಚ್ಚು ಬಳಕೆಯಲ್ಲಿದೆ, ವಾದ ಪೂರ್ತಿ ತೀರಿಲ್ಲ. ಗಾತ್ರ ಬದಲಾಗಿಲ್ಲ ಎಂಬುದರಲ್ಲಿ ವಾದವಿಲ್ಲ. ತೋಳು ಪೂರ್ತಿ ಚಾಚಿ ಎರಡು ಬೆರಳ ನಡುವೆ ಒಂದು ಜೋಳದ ಕಾಳು ಹಿಡಿದು, ಒಂದು ಕಣ್ಣು ಮುಚ್ಚಿ ಮೂಡುವ ಚಂದ್ರನಿಗೆ ಅಡ್ಡ ತನ್ನಿ. 60 ಸೆಂಟಿಮೀಟರ್ ದೂರದಲ್ಲಿ ಚಂದ್ರ ಸುಮಾರು 5 ಮಿಲಿಮೀಟರ್‌ನಷ್ಟು, ಕಾಳು ಹೆಚ್ಚುಕಡಿಮೆ ಪೂರ್ತಿ ಮರೆಮಾಡುತ್ತದೆ. ನಡುರಾತ್ರಿ ನೆತ್ತಿಯ ಚಂದ್ರನಿಗೂ ಅದೇ ಕಾಳು ಹಿಡಿಯಿರಿ. ಅಳತೆ ಕಡ್ಡಿಯಲ್ಲಿ ನೋಡಿದರೆ ಮೂಡುವ ಚಂದ್ರನೇ ಕೂದಲೆಳೆಯಷ್ಟು ಚಿಕ್ಕವನು, ಆಗ ಅವನು ಭೂಮಿಯ ತ್ರಿಜ್ಯದಷ್ಟು ಹೆಚ್ಚು ದೂರ.

ನೂಲಿನ ಬಣ್ಣ ಕೆಟ್ಟಿತೆಂದು ಜಗಳಾಡುವ ಮೊದಲು

ಗುಳೇದಗುಡ್ಡದ ಖಣವಾಗಲಿ ಇಳಕಲ್ಲಿನ ದಡಿಯಾಗಲಿ, ಲಡಿಯಲ್ಲಿ ಚೆನ್ನಾಗಿದ್ದ ಬಣ್ಣ ನೇಯ್ದ ಮೇಲೆ ಬೇರೆಯಾಗಿ ಕಾಣುವುದುಂಟು. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆ ನೋಡಿಕೊಳ್ಳುತ್ತಿದ್ದ ಶೆವ್ರಲ್‌ಗೂ ಕಪ್ಪು ನೂಲು ಸಪ್ಪೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ಬಣ್ಣಗಳು ಅದನ್ನು ಹಾಗೆ ತೋರಿಸುತ್ತಿದ್ದವು. 1839ರಲ್ಲಿ ಅದರ ನಿಯಮಗಳನ್ನು ಅವನು ಪ್ರಕಟಿಸಿದ. ಪಕ್ಕದ ಬಣ್ಣ ತನ್ನ ಎದುರುಬಣ್ಣವನ್ನು ನೆರೆಯದಕ್ಕೆ ಬಳಿಯುತ್ತದೆ: ಕೆಂಪಿನ ನಡುವಿನ ಬೂದಿನೂಲು ಹಸಿರಿಗೆ ತಿರುಗುತ್ತದೆ, ಹಸಿರಿನ ನಡುವಿನದು ಕೆಂಪಿಗೆ.

ಪರೀಕ್ಷೆ ಹೀಗೆ. ಬೂದಿಬಣ್ಣದ ರಟ್ಟಿನಲ್ಲಿ ಒಂದು ಸೆಂಟಿಮೀಟರ್‌ನ ಎರಡು ಕಿಂಡಿ ಕೊರೆದು, ಒಂದರ ಕೆಳಗೆ ನೇಯ್ದ ಬಟ್ಟೆಯ ಆ ಬಣ್ಣ, ಇನ್ನೊಂದರ ಕೆಳಗೆ ಲಡಿಯ ನೂಲು ಬರುವಂತೆ ಇಡಿ. ನೆರೆಯ ಬಣ್ಣಗಳೆಲ್ಲ ಮುಚ್ಚಿರಲಿ. ಹಗಲು ಬೆಳಕಿನಲ್ಲಿ ಎರಡೂ ಒಂದಾಗಿ ಕಂಡರೆ ಬಣ್ಣಗಾರನದು ತಪ್ಪಲ್ಲ. ಎಲ್‌ಇಡಿ ಬೆಳಕಿನ ಕೆಳಗೆ ಒಂದಾದದ್ದು ಬಿಸಿಲಿನಲ್ಲಿ ಬೇರೆಯಾಗಬಹುದು, ಅದು ದೀಪದ ಕರಾಮತ್ತು. ಅಂಗಡಿಯ ಹೊರಗೆ ತಂದೇ ನೋಡಬೇಕು. ಈ ಪ್ರಯೋಗಕ್ಕೆ ಕಣ್ಣೋ ಮಿದುಳೋ ಎಂಬ ಪ್ರಶ್ನೆ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ನೆರೆಕೋಶವನ್ನು ನೆರೆಕೋಶ ತಗ್ಗಿಸುವ ಕೆಲಸ ಅಕ್ಷಿಪಟಲದಲ್ಲೇ ಶುರುವಾಗಿ ಕಾರ್ಟೆಕ್ಸ್‌ವರೆಗೂ ನಡೆಯುತ್ತದೆ.

ಲಿಂಬೆಹಣ್ಣಿನ ಸುತ್ತಾಟ

ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯ ಒಂದು ಲಿಂಬೆಹಣ್ಣನ್ನು ಒಂದು ಮೀಟರ್ ದಾರಕ್ಕೆ ಕಟ್ಟಿ ತೊಲೆಗೆ ತೂಗುಬಿಡಿ. ಎರಡು ಮೀಟರ್ ಎದುರು ಕೂತು, ಒಂದು ಗೋಡೆಯಿಂದ ಇನ್ನೊಂದು ಗೋಡೆಯ ಕಡೆಗೆ ನೇರಗೆರೆಯಲ್ಲಿ, ಪ್ರತಿ ಬದಿಗೆ 25 ಸೆಂಟಿಮೀಟರ್‌ನಷ್ಟು ತೂಗಿಸಿ. ಎರಡೂ ಕಣ್ಣು ತೆರೆದಿರಲಿ. ತಂಪು ಕನ್ನಡಕದ ಒಂದೇ ಗಾಜನ್ನು ಎಡಗಣ್ಣಿನ ಮುಂದೆ ಹಿಡಿಯಿರಿ. ನೇರ ತೂಗುತ್ತಿದ್ದ ಹಣ್ಣು ಗಾಣದೆತ್ತಿನಂತೆ ಸುತ್ತತೊಡಗುತ್ತದೆ, ಬಲಕ್ಕೆ ಹೋಗುವಾಗ ದೂರ, ಎಡಕ್ಕೆ ಬರುವಾಗ ಹತ್ತಿರ. ಗಾಜನ್ನು ಬಲಗಣ್ಣಿಗೆ ಬದಲಿಸಿದರೆ ಸುತ್ತು ತಿರುವುಮುರುವು.

ಮಬ್ಬು ಕಂಡ ಕಣ್ಣಿನ ಸುದ್ದಿ ಸೆಕೆಂಡಿನ ನೂರನೆಯ ಒಂದು ಪಾಲಿನ ಆಸುಪಾಸು ತಡವಾಗಿ ತಲುಪುತ್ತದೆ. ಆ ಕಣ್ಣಿಗೆ ಹಣ್ಣು ಇನ್ನೂ ಹಿಂದಿನ ಜಾಗದಲ್ಲಿದೆ. ಎರಡು ಕಣ್ಣಿನ ಈ ವ್ಯತ್ಯಾಸವನ್ನು ಮಿದುಳು ಆಳವೆಂದು ಓದುತ್ತದೆ. ತಡ ಕಣ್ಣಿನದು, ಆಳ ಸಂಗಮದ್ದು. 1922ರಲ್ಲಿ ಇದನ್ನು ವಿವರಿಸಿದ ಕಾರ್ಲ್ ಪುಲ್‌ಫ್ರಿಶ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತನ್ನ ಹೆಸರಿನ ಈ ಪರಿಣಾಮವನ್ನು ಅವನು ನೋಡಲಾಗಲಿಲ್ಲ. ಗಾಜು ತೆಳುವಾಗಿದ್ದರೆ ಸುತ್ತು ಚಪ್ಪಟೆಯಾಗುತ್ತದೆ, ಎರಡು ಗಾಜು ಜೋಡಿಸಿ. ಹಣ್ಣಿನ ಹಿಂದೆ ಪೂರ್ತಿ ಬರಿದಾದ ಗೋಡೆಗಿಂತ ಕ್ಯಾಲೆಂಡರ್ ತೂಗಿದ ಗೋಡೆ ಒಳ್ಳೆಯದು, ಆಳ ಹೋಲಿಸಲು ಆಸರೆ ಸಿಗುತ್ತದೆ.

ಕೊನೆಗೊಂದು ಕನ್ನಡಿ. 20 ಸೆಂಟಿಮೀಟರ್ ಹತ್ತಿರ ಹಿಡಿದು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಒಂದಾದ ಮೇಲೊಂದು ನೋಡಿ. ಕಣ್ಣು ಚಲಿಸುವುದು ನಿಮಗೆ ಎಂದೂ ಕಾಣುವುದಿಲ್ಲ, ಪಕ್ಕದವರಿಗೆ ಕಾಣುತ್ತದೆ. ಜಿಗಿತದ ಆ ಕ್ಷಣದ ನೋಟವನ್ನು ಮಿದುಳು ತಗ್ಗಿಸಿಬಿಡುತ್ತದೆ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತದೆ, ಚಿತ್ರ ತುಸು ತಡವಾಗಿ ಬರುವುದರಿಂದ.

ಲಿಂಬೆಹಣ್ಣು ಸುತ್ತಲೇ ಇಲ್ಲ ಎನ್ನುವ ಮಗುವನ್ನು "ಸರಿಯಾಗಿ ನೋಡು" ಎಂದು ಗದರಬೇಡಿ. ಆರು ಮೀಟರ್ ದೂರದ ಅಕ್ಷರಗಳನ್ನು ಒಂದೊಂದೇ ಕಣ್ಣಿನಿಂದ ಓದಿಸಿ. ಒಂದು ಕಣ್ಣು ಮಸುಕಾದರೆ ಸೂಜಿತೂತಿನ ರಟ್ಟು ಹಿಡಿದು ಮತ್ತೆ ಓದಿಸಿ. ತೂತಿನಿಂದ ಸ್ಪಷ್ಟವಾದರೆ ಬಹುಮಟ್ಟಿಗೆ ಕನ್ನಡಕದ ದೋಷ. ಆಗದಿದ್ದರೆ ಕಣ್ಣಿನ ಬೇರೆ ತೊಂದರೆ ಇರಬಹುದು, ಇಲ್ಲವೇ ಸೋಮಾರಿ ಕಣ್ಣು: ಕಣ್ಣು ನೋಡಲು ನೆಟ್ಟಗಿದ್ದೂ ಅದರ ಹೊಳೆ ಸಂಗಮದಲ್ಲಿ ಜಾಗ ಕಳೆದುಕೊಂಡಿರುತ್ತದೆ. ಎಳವೆಯಲ್ಲಿ ಒಂದು ಕಣ್ಣಿಗೆ ನೋಟ ಸಿಗದಿದ್ದರೆ ಕಾರ್ಟೆಕ್ಸ್ ಇನ್ನೊಂದರ ಪಾಲಾಗುತ್ತದೆ ಎಂದು ಬೆಕ್ಕಿನ ಮರಿಗಳಲ್ಲಿ ತೋರಿಸಿದವರು ಹ್ಯೂಬೆಲ್ ಮತ್ತು ವೀಸೆಲ್. 1981ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ಕೆಲಸ ಕೊಡುವುದೇ ಅದರ ಮುಖ್ಯ ವಿಧಾನ, ಎಷ್ಟು ಗಂಟೆ ಎಂಬುದನ್ನು ಕಣ್ಣಿನ ವೈದ್ಯರೇ ಹೇಳಬೇಕು. ದೊಡ್ಡವರಲ್ಲಿ ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದಂತೆ ನೋಟ ಮುಚ್ಚುವುದು ಕಂಡರೆ ಅದು ಪ್ರಯೋಗದ ವಿಷಯವಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ.